ದಂಡೆಯ ಹಾದಿ

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ತುಲೂಸ್ ನಗರದಿಂದ ಸೆತ್ ಬಂದರಿನ ಸಮೀಪದವರೆಗೆ, ಸುಮಾರು 240 ಕಿಲೋಮೀಟರು ಉದ್ದದ ಮಿದಿ ಕಾಲುವೆಯಿದೆ. ಪಿಯೇರ್ ಪಾಲ್ ರಿಕೆ ಎಂಬಾತನು 1666ರಲ್ಲಿ ಇದರ ಕೆಲಸವನ್ನು ಕೈಗೊಂಡು, ಸ್ವಂತ ಸಂಪತ್ತನ್ನೂ ಅದಕ್ಕೆ ಸುರಿದನು. 1681ರಲ್ಲಿ ಕಾಲುವೆ ತೆರೆದಾಗ ಅದನ್ನು ಕಾಣಲು ಅವನಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು.

ದೋಣಿಗಳನ್ನು ಹಗ್ಗದಿಂದ ಎಳೆಯುವ ಕುದುರೆಗಳಿಗಾಗಿ ದಂಡೆಯ ಮೇಲೆ ಹಾದಿ ಮಾಡಿದ್ದರು. ಇಂದು ಆ ಕುದುರೆಗಳಿಲ್ಲ; ಹಾದಿ ಉಳಿದಿದೆ. ಮೋಟಾರು ವಾಹನಗಳ ಗದ್ದಲವಿಲ್ಲದ ಆ ಮಣ್ಣು ಜಲ್ಲಿಯ ಹಾದಿಯಲ್ಲಿ ಸೈಕಲ್ ಸವಾರರು ದ್ರಾಕ್ಷಿ ತೋಟಗಳನ್ನು ನೋಡುತ್ತ ನಿಧಾನವಾಗಿ ಸಾಗುತ್ತಾರೆ.

ಅವರಿಗೆ ನೆರಳಾಗಿದ್ದ ಪ್ಲೇನ್ ಮರಗಳಲ್ಲಿ 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಬಿಸಿಲು ಬಿದ್ದ ದಂಡೆಯಲ್ಲಿ ಈಗ ಹೊಸ ಸಸಿಗಳನ್ನು ನೆಡುತ್ತಿದ್ದಾರೆ. ನೆಟ್ಟವರಲ್ಲಿ ಅನೇಕರು ಅವುಗಳ ತುಂಬು ನೆರಳನ್ನು ಕಾಣಲಾರರು. ರಿಕೆಯಂತೆ ಅವರೂ ಮುಂದೆ ಬರುವವರಿಗಾಗಿ ದುಡಿಯುತ್ತಿದ್ದಾರೆ.