ಕೇಬರ್ನ್ ಗುಡ್ಡಕ್ಕೆ ತೆಂಕಣ ಗಾಳಿ

ಬೆನ್ನ ಮೇಲೆ ಹದಿನೈದು ಕಿಲೋ ಭಾರ. ಪ್ಯಾರಾಗ್ಲೈಡರಿನ ರೆಕ್ಕೆ, ಹಾರ್ನೆಸ್, ಹೆಲ್ಮೆಟ್, ಆಪತ್ತಿಗೆಂದು ಇನ್ನೊಂದು ಪ್ಯಾರಾಚೂಟ್, ಎಲ್ಲವೂ ಒಂದೇ ಚೀಲದಲ್ಲಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರದ ಸಸೆಕ್ಸ್ ಸೀಮೆಯಲ್ಲಿ, ಗ್ಲೈಂಡ್ ಎಂಬ ಹಳ್ಳಿಯಿಂದ ನೀವು ಕೇಬರ್ನ್ ಗುಡ್ಡ ಹತ್ತುತ್ತಿದ್ದೀರಿ. ಜೂನ್ ಮೊದಲ ವಾರ, ಬೆಳಗಿನ ಹತ್ತೂವರೆ. ಕಾಲುದಾರಿಯಲ್ಲಿ ಹುಲ್ಲು ಸವೆದ ಕಡೆಯೆಲ್ಲ ನೆಲ ಬೆಳ್ಳಗೆ ಕಾಣುತ್ತದೆ. ಗುಡ್ಡದ ಒಡಲೆಲ್ಲ ಸೀಮೆಸುಣ್ಣದ ಕಲ್ಲು. ಅದರ ಮೇಲೆ ಹೊದ್ದಿರುವ ಮಣ್ಣು ಗೇಣುದ್ದವೂ ಇಲ್ಲ.

ಮುಂದೆ ನಡೆಯುತ್ತಿದ್ದ ಹಾರಾಟದ ಕ್ಲಬ್ಬಿನ ಹಿರಿಯರು ಬೇಲಿಯ ಗೇಟಿನ ಬಳಿ ನಿಂತು, ನೀವು ದಾಟುವ ತನಕ ಅದನ್ನು ಹಿಡಿದುಕೊಳ್ಳುತ್ತಾರೆ. ಆಮೇಲೆ ಚಿಲಕ ಹಾಕಿ, ಭದ್ರವಾಯಿತೇ ಎಂದು ಅಲ್ಲಾಡಿಸಿ ನೋಡುತ್ತಾರೆ. "ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚಿ ಬನ್ನಿ. ಕುರಿಗಳು ಯಾವ ಹೊಲದಲ್ಲಿರಬೇಕು ಅನ್ನೋದು ರೈತರಿಗೆ ಗೊತ್ತು, ನಮಗಲ್ಲ." ಹಾರಾಟದ ಪಾಠ ಶುರುವಾಗುವುದು ಇಲ್ಲಿ, ಗಾಳಿಯ ಮಾತು ಬರುವ ಮೊದಲೇ.

ಗಾಳಿಯ ಮಾತು ಸ್ವಲ್ಪ ಮೇಲೇರಿದ ಮೇಲೆ ಬರುತ್ತದೆ. ಉತ್ತರದ ಕಡೆ, ಗ್ಲೈಂಡ್‌ಬೋರ್ನ್ ಸಂಗೀತ ನಾಟಕಶಾಲೆಯ ಹತ್ತಿರದ ದಿಬ್ಬದಲ್ಲಿ, 2012ರಿಂದ ಒಂದು ಗಾಳಿಯಂತ್ರ ತಿರುಗುತ್ತಿದೆ. ಅದು ನಾಟಕಶಾಲೆಗೆ ವಿದ್ಯುತ್ ಕೊಡುತ್ತದೆ. ಇಲ್ಲಿ ಹಾರುವವರಿಗೆ ದಿಕ್ಕನ್ನೂ ಹೇಳುತ್ತದೆ. ಈಗ ಅದರ ಮುಖ ದಕ್ಷಿಣಕ್ಕಿದೆ. ಎಲ್ಲರೂ ಅದನ್ನೊಮ್ಮೆ ನೋಡಿ, ಏನೂ ಹೇಳದೆ ಹೆಜ್ಜೆ ಬಿರುಸು ಮಾಡುತ್ತಾರೆ.

ಸೌತ್ ಡೌನ್ಸ್ ಎಂಬ ಈ ಗುಡ್ಡಸಾಲಿನಲ್ಲಿ ಎಲ್ಲಿ ಹಾರಬೇಕೆಂದು ತೀರ್ಮಾನಿಸುವುದು ಗಾಳಿಯೇ. ಉತ್ತರದಿಂದ ಬೀಸಿದರೆ ಬ್ರೈಟನ್ ನಗರದ ಹಿಂದಿನ ಡೆವಿಲ್ಸ್ ಡೈಕ್ ಅಥವಾ ಕಣಿವೆಯಾಚೆಯ ಫರ್ಲ್ ಬೀಕನ್. ದಕ್ಷಿಣದಿಂದ ಬೀಸಿದರೆ ಕೇಬರ್ನ್. ಹೀಗೆ ಒಂದೊಂದು ದಿಕ್ಕಿಗೆ ಒಂದೊಂದು ಗುಡ್ಡ ಇರಬೇಕು, ಆ ಒಂದೊಂದು ಗುಡ್ಡಕ್ಕೂ ಒಬ್ಬೊಬ್ಬ ಒಡೆಯರಿರುತ್ತಾರೆ. ಈ ಸಾಲಿನ ಜಾಗಗಳನ್ನು ನೋಡಿಕೊಳ್ಳುತ್ತಿರುವುದು ಸದರ್ನ್ ಹ್ಯಾಂಗ್ ಗ್ಲೈಡಿಂಗ್ ಕ್ಲಬ್. ಹೆಸರು ಹ್ಯಾಂಗ್ ಗ್ಲೈಡರುಗಳ ಕಾಲದ್ದು. ಪ್ಯಾರಾಗ್ಲೈಡರುಗಳು ಆಮೇಲೆ ಬಂದು ಸೇರಿದವು. ದೇಶಮಟ್ಟದಲ್ಲೂ ಹ್ಯಾಂಗ್ ಗ್ಲೈಡಿಂಗಿನವರ ಸಂಘ, ಪ್ಯಾರಾಗ್ಲೈಡಿಂಗಿನವರ ಸಂಘ ಎರಡೂ ಒಂದಾದದ್ದು 1992ರಲ್ಲಿ.

ನೆತ್ತಿ ತಲುಪಿದಿರಿ. ಸಮುದ್ರಮಟ್ಟದಿಂದ ಸುಮಾರು ನೂರೈವತ್ತು ಮೀಟರ್, ಅಷ್ಟೇ. ಆದರೆ ಸುತ್ತ ತಗ್ಗಾದ್ದರಿಂದ ಕಣ್ಣಿಗೆ ಅಡ್ಡವೇ ಇಲ್ಲ. ಪಶ್ಚಿಮಕ್ಕೆ ಲೂಯಿಸ್ ಪಟ್ಟಣ, ಅದರ ಕೋಟೆ. ಕೆಳಗೆ ಡೊಂಕುಡೊಂಕಾಗಿ ಹರಿದು ನ್ಯೂಹೇವನ್ ಬಂದರಿನತ್ತ ಹೋಗುವ ಊಸ್ ನದಿ. ಅದರ ತುದಿಯಲ್ಲಿ ಮಿನುಗುವ ಒಂದು ಗೀಟು ಸಮುದ್ರ. ಚೀಲ ಇಳಿಸಲು ನೀವು ಜಾಗ ಹುಡುಕುತ್ತಿರುವಾಗಲೇ ಹಿರಿಯರು ಕೈಸನ್ನೆಯಿಂದ ತಡೆಯುತ್ತಾರೆ. ನೀವು ನಿಂತಿರುವುದು ಕಬ್ಬಿಣಯುಗದ ಕೋಟೆಯ ಕಂದಕದ ಅಂಚಿನಲ್ಲಿ. 1870ರ ದಶಕದಲ್ಲಿ ಪುರಾತತ್ವಜ್ಞ ಪಿಟ್ ರಿವರ್ಸ್ ಇಲ್ಲಿ ಉತ್ಖನನ ನಡೆಸಿದ್ದ. ನೆತ್ತಿಯ ತುಂಬ ನೂರಕ್ಕೂ ಹೆಚ್ಚು ಹಳೆಯ ಗುಂಡಿಗಳ ಗುರುತು ಸಿಕ್ಕಿತ್ತು. ಈಗ ಇದು ಸಂರಕ್ಷಿತ ಸ್ಮಾರಕ. ಅಪ್ಪಣೆಯಿಲ್ಲದೆ ಇಲ್ಲಿ ಯಾರೂ ಅಗೆಯುವಂತಿಲ್ಲ. ಹಾಗಾಗಿ ಗಾಳಿ ನೋಡಲು ಒಬ್ಬರು ತಮ್ಮ ಊರುಗೋಲಿಗೆ ರಿಬ್ಬನ್ ಕಟ್ಟಿ ಕೈಯಲ್ಲೇ ಹಿಡಿದು ನಿಂತಿದ್ದಾರೆ.

"ಇಲ್ಲಿ ನೋಡಿ" ಎಂದು ಹಿರಿಯರು ಮಂಡಿಯೂರುತ್ತಾರೆ. ಮೊದಲಿಗೆ ನಿಮಗೆ ಕಾಣುವುದು ಬರೀ ಹುಲ್ಲು. ಕಣ್ಣು ಪಳಗಿದಂತೆ ಕಾಡು ಥೈಮ್ ಕಾಣುತ್ತದೆ, ಹಳದಿ ಹೂವಿನ ಹಾರ್ಸ್‌ಶೂ ವೆಚ್ ಕಾಣುತ್ತದೆ. ಸೀಮೆಸುಣ್ಣದ ಇಂಥ ಹುಲ್ಲುಗಾವಲಲ್ಲಿ ಒಂದು ಚದರ ಮೀಟರಿನೊಳಗೆ ನಲವತ್ತರವರೆಗೂ ಗಿಡಜಾತಿಗಳಿರಬಹುದು. ಆ ಹಳದಿ ಹೂವಿನ ಗಿಡವಿಲ್ಲದಿದ್ದರೆ ಅಡೋನಿಸ್ ಬ್ಲೂ ಎಂಬ ಚಿಟ್ಟೆಯೇ ಇಲ್ಲ. ಅದರ ಮರಿಹುಳು ತಿನ್ನುವುದು ಅದೊಂದನ್ನೇ. ಹುಳುವನ್ನು ಕಾಯುವುದು ಇರುವೆಗಳು: ಅದು ಒಸರುವ ಸಿಹಿರಸದ ಆಸೆಗೆ ಅವು ಹಗಲಿರುಳು ಜೊತೆಗಿರುತ್ತವೆ. ಬೇಸಿಗೆಯಲ್ಲಿ ಇಲ್ಲಿ ಬೆರಳುದ್ದದ ಒಂದು ಸೀತಾಳೆ ಹೂ ಅರಳುತ್ತದೆ. ಬಿರಿಯದ ಮೊಗ್ಗುಗಳು ಕಡುಗೆಂಪಾಗಿರುವುದರಿಂದ ತುದಿ ಸುಟ್ಟಂತೆ ಕಾಣುತ್ತದೆ. ಈ ಹೂವಿಗೆ ಇಂಗ್ಲೆಂಡಿನಲ್ಲಿ ಉಳಿದಿರುವ ಮುಖ್ಯ ನೆಲೆಗಳಲ್ಲಿ ಇದೂ ಒಂದು. ಈ ಗುಡ್ಡ ರಾಷ್ಟ್ರೀಯ ನಿಸರ್ಗ ಮೀಸಲು.

ಹಾರಾಟವೆಂದರೆ ಮೇಲೆ ನೋಡುವುದು ಎಂದುಕೊಂಡು ಬಂದವರಿಗೆ ಈ ಮಂಡಿಯೂರುವಿಕೆ ವಿಚಿತ್ರ ಎನಿಸಬಹುದು. ನನಗೆ ಮಾತ್ರ ಇದೇ ಈ ಆಟದ ಅತಿ ಗಂಭೀರ ಭಾಗ. ರೆಕ್ಕೆ ಹರಡುವ ಜಾಗ, ನಡೆಯುವ ದಾರಿ, ಬಾರದ ಗಾಳಿಗೆ ಕಾಯುತ್ತ ಕುಳಿತುಕೊಳ್ಳುವ ಮೂಲೆ, ಎಲ್ಲವೂ ಇನ್ನೊಂದು ಜೀವದ ಮನೆಯಂಗಳ.

ಹನ್ನೊಂದಾಯಿತು. ರಿಬ್ಬನ್ ಹದವಾಗಿ ನೆಟ್ಟಗೆ ನಿಂತಿದೆ. ನೀವು ರೆಕ್ಕೆ ಹರಡಿ, ಸೊಂಟ, ತೊಡೆ, ಎದೆಯ ಬಕಲ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತೀರಿ. ಹಗ್ಗಗಳಲ್ಲಿ ಗಂಟಿಲ್ಲ. ಎದುರಿನ ಆಕಾಶ ಖಾಲಿ. ಗಾಳಿಗೆ ಬೆನ್ನು ಕೊಟ್ಟು, ರೆಕ್ಕೆಗೆ ಮುಖ ಮಾಡಿ ನಿಂತು ಮುಂದಿನ ಪಟ್ಟಿಗಳನ್ನು ಮೆಲ್ಲಗೆ ಎತ್ತುತ್ತೀರಿ. ಒಣಹಾಕಿದ ಸೀರೆ ಗಾಳಿಗೆ ಉಬ್ಬುವಂತೆ ಬಟ್ಟೆ ಸಣ್ಣಗೆ ಬಡಿದು, ಗೂಡುಗೂಡಾಗಿ ಗಾಳಿ ತುಂಬಿಕೊಂಡು ನೆತ್ತಿಗೇರುತ್ತದೆ. ಬ್ರೇಕ್ ಹಿಡಿದು ನಿಲ್ಲಿಸಿ, ತಿರುಗಿ ಎರಡು ಹೆಜ್ಜೆ ಹಾಕುತ್ತೀರಿ. ಮೂರನೆಯ ಹೆಜ್ಜೆಗೆ ನೆಲ ಸಿಗುವುದಿಲ್ಲ.

ಬೀಳುವ ಅನುಭವವೇನೂ ಇಲ್ಲ. ಸಮುದ್ರದಿಂದ ಬಂದ ಗಾಳಿ ಗುಡ್ಡಕ್ಕೆ ತಾಗಿ ಮೇಲೇರುತ್ತಿದೆ, ನೀವು ಅದರ ಮೇಲೆ ಕುಳಿತಿದ್ದೀರಿ. ಕಿವಿಯಲ್ಲಿ ಹಗ್ಗಗಳ ಸೀಟಿ, ಎದೆಯ ಮೇಲೆ ಏರಿಳಿತ ಹೇಳುವ ವೇರಿಯೋದ ಬೀಪ್ ಬೀಪ್. ಪಶ್ಚಿಮಕ್ಕೆ ಹೊರಟಿದ್ದೀರಿ, ಗುಡ್ಡ ನಿಮ್ಮ ಬಲಕ್ಕಿದೆ. ಎದುರಿನಿಂದ ಕೆಂಪು ರೆಕ್ಕೆಯೊಂದು ಬರುತ್ತಿದೆ. ಅವರಿಗೆ ಗುಡ್ಡ ಎಡಕ್ಕೆ, ಆದ್ದರಿಂದ ದಾರಿ ಬಿಡಬೇಕಾದವರು ಅವರು: ಬಲಕ್ಕೆ, ತೆರೆದ ಆಕಾಶದ ಕಡೆಗೆ ಸರಿಯುತ್ತಾರೆ, ಕೈಯೆತ್ತುತ್ತಾರೆ. ಹಿಂದಿರುಗುವಾಗ ದಾರಿ ಬಿಡುವ ಸರದಿ ನಿಮ್ಮದು. ತಿರುವು ಯಾವಾಗಲೂ ಗುಡ್ಡದಿಂದಾಚೆಗೇ. ಈ ಒಂದೆರಡು ನಿಯಮದ ಮೇಲೆ ಹತ್ತು ಹನ್ನೆರಡು ರೆಕ್ಕೆಗಳು ಇಷ್ಟೇ ಇಷ್ಟು ಜಾಗದಲ್ಲಿ ಹಿಂದೆ ಮುಂದೆ ತೇಲುತ್ತಿವೆ.

ದಕ್ಷಿಣಕ್ಕೆ ಕಾಣುವುದು ಇಟ್‌ಫರ್ಡ್ ಗುಡ್ಡ. 1922ರ ಅಕ್ಟೋಬರಿನಲ್ಲಿ ಡೈಲಿ ಮೇಲ್ ಪತ್ರಿಕೆ ಅಲ್ಲೊಂದು ಪಂದ್ಯ ಇಟ್ಟಿತ್ತು: ಎಂಜಿನ್ ಇಲ್ಲದೆ ಯಾರು ಹೆಚ್ಚು ಹೊತ್ತು ಹಾರುತ್ತಾರೋ ಅವರಿಗೆ ಸಾವಿರ ಪೌಂಡು. ಗೆದ್ದವನು ಫ್ರಾನ್ಸಿನ ಮಾನೆರೋಲ್, ಮೂರು ಗಂಟೆಗೂ ಮೀರಿ ಆಕಾಶದಲ್ಲಿದ್ದ. ಅವನನ್ನು ಹೊತ್ತದ್ದೂ ಗುಡ್ಡಕ್ಕೆ ತಾಗಿ ಮೇಲೇಳುವ ಇದೇ ಬಗೆಯ ಗಾಳಿ. ಕಾಲ ಕೆಳಗಿನ ಕಣಿವೆಯನ್ನೂ ಆಚೆಯ ಆ ಗುಡ್ಡವನ್ನೂ ಒಟ್ಟಿಗೆ ನೋಡಿದಾಗ ಮೈ ಜುಮ್ಮೆನ್ನುತ್ತದೆ.

ಎಡಗಡೆ ಒಂದು ಕೆಸ್ಟ್ರೆಲ್, ಪುಟ್ಟ ಚಾಣ, ನಿಮ್ಮದೇ ಎತ್ತರದಲ್ಲಿ ನಿಂತಲ್ಲೇ ನಿಂತು ರೆಕ್ಕೆ ಬಡಿಯುತ್ತಿದೆ. ಅದರ ಕಣ್ಣು ಹುಲ್ಲಿನ ಮೇಲೆ. ಇಳಿಜಾರಿನ ಹೊಲದ ಅಂಚಿನಿಂದ ಬಿಸಿಗಾಳಿಯ ಗುಳ್ಳೆಯೊಂದು ಮೇಲೆದ್ದು ನಿಮ್ಮ ಬಲರೆಕ್ಕೆಯನ್ನು ಎತ್ತುತ್ತದೆ. ವೇರಿಯೋ ಚುರುಕಾಗುತ್ತದೆ. ಸುತ್ತು ಹಾಕಲು ಎತ್ತರವಿದೆಯೇ, ಪಕ್ಕ ಯಾರಿದ್ದಾರೆ ಎಂದು ನೋಡಿ, ಮುಂದಕ್ಕೆ ಹೊರಟು ಒಂದು ಸುತ್ತು, ಇನ್ನೊಂದು ಸುತ್ತು. ಗುಡ್ಡದ ನೆತ್ತಿ ಸಣ್ಣದಾಗುತ್ತದೆ, ಕೋಟೆಯ ಕಂದಕ ಪೂರ್ತಿ ಬಳೆಯಾಗಿ ಕಾಣುತ್ತದೆ. ಮೇಲೆ ಒಂದು ಹಂತದಾಚೆ ಗ್ಯಾಟ್ವಿಕ್ ನಿಲ್ದಾಣದ ವಿಮಾನಗಳ ಆಕಾಶ. ಅದಕ್ಕೆ ನಕ್ಷೆಯಿದೆ, ಗಡಿಯಿದೆ. ಇವತ್ತಿಗೆ ಇಷ್ಟು ಎತ್ತರ ಸಾಕು.

ಮಧ್ಯಾಹ್ನ ಕಡಲಗಾಳಿ ಬಲಿಯುತ್ತದೆ. ಮುಂದಕ್ಕೆ ಹೋಗುವುದು ನಿಧಾನವಾದದ್ದು ನಿಮಗೇ ತಿಳಿಯುತ್ತದೆ. ಒಬ್ಬೊಬ್ಬರೇ ಇಳಿಯಲು ಹೊರಡುತ್ತಾರೆ. ಕೆಳಗೆ ಹೊಲಗಳು ಚೌಕಚೌಕವಾಗಿ ಬಿದ್ದಿವೆ. ಅಗಲವಾಗಿ, ಹಸಿರಾಗಿ, ಕೈಬೀಸಿ ಕರೆಯುವಂತಿರುವುದು ಬಾರ್ಲಿ ಹೊಲ; ಸೊಂಟಮಟ್ಟದ ಪೈರು ಗಾಳಿಗೆ ಅಲೆಯಾಡುತ್ತಿದೆ. ಅಲ್ಲಿ ಇಳಿಯಬಾರದು. ಇಳಿದವರ ಕಾಲಿಗೆ, ಹೊರಗೆಳೆಯುವ ಹಗ್ಗಕ್ಕೆ ಸಿಕ್ಕಿ ಪೈರು ಮಲಗುತ್ತದೆ. ಪಕ್ಕದ ಹುಲ್ಲುಗಾವಲಲ್ಲಿ ಎಳೆಗರುಗಳಿವೆ. ಅಲ್ಲೂ ಬೇಡ. ದನಗಳಿಗೆ ಕುತೂಹಲ ಜಾಸ್ತಿ, ನೈಲಾನ್ ಬಟ್ಟೆಯನ್ನು ನೆಕ್ಕಿ, ತುಳಿದು, ಜಗಿದು ನೋಡುತ್ತವೆ; ಬೆದರಿದರೆ ಬೇಲಿ ಮುರಿಯುತ್ತವೆ. ರೈತರೊಂದಿಗಿನ ಒಪ್ಪಂದದಲ್ಲಿರುವುದು ಅದರಾಚೆಯ ಸಣ್ಣ ಹುಲ್ಲಿನ ಹೊಲ. ಗಾಳಿಗೆ ಎದುರಾಗಿ, ಸಮುದ್ರದ ಕಡೆ ಮುಖಮಾಡಿ ಇಳಿದು, ಕೊನೆಗೆ ಬ್ರೇಕ್ ಎಳೆಯುತ್ತೀರಿ. ಎರಡು ಕಾಲೂ ಒಟ್ಟಿಗೆ ಹುಲ್ಲಿಗೆ. ಅಲ್ಲೇ ಕುಳಿತು ಮಡಿಸುವುದಲ್ಲ: ರೆಕ್ಕೆಯನ್ನು ಬಾಚಿ ಎದೆಗವಚಿ ಬೇಲಿಯಂಚಿಗೆ ಹೊತ್ತೊಯ್ದು ಅಲ್ಲಿ ಮಡಿಸಬೇಕು.

ವಿಮೆ ಎಲ್ಲರಿಗೂ ಇದೆ, ರಾಷ್ಟ್ರೀಯ ಸಂಘದ ಸದಸ್ಯತ್ವದೊಂದಿಗೇ ಬರುತ್ತದೆ. ಬೆಳೆ ಹಾಳಾದರೆ ಹಣ ತುಂಬಿಕೊಡಬಹುದು. ಆದರೆ ರೈತ ಒಮ್ಮೆ "ಇನ್ನು ಸಾಕು" ಎಂದುಬಿಟ್ಟರೆ, ತಪ್ಪು ಮಾಡಿದವನೊಬ್ಬನಿಗಲ್ಲ, ಈ ದಿಕ್ಕಿನ ಗಾಳಿಗೆ ಕಾದು ಕುಳಿತ ಎಲ್ಲರಿಗೂ ಗುಡ್ಡ ಹೋಗುತ್ತದೆ. ಹೀಗೆ ಮುಚ್ಚಿದ ಜಾಗವನ್ನು ಮತ್ತೆ ತೆರೆಸಲು ವರ್ಷಗಟ್ಟಲೆ ಹಿಡಿಯಬಹುದು. ಈ ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಕ್ರಿಸ್‌ಮಸ್‌ಗೆ ರೈತರ ಬಾಗಿಲಿಗೆ ಒಂದು ಬಾಟಲಿ ಮುಟ್ಟಿಸುವ ವಾಡಿಕೆ ಇದೆ. ಕುರಿ ಈಯುವ ಕಾಲದಲ್ಲಿ ಕೆಲವು ಇಳಿಜಾರುಗಳಿಗೆ ಯಾರೂ ಕಾಲಿಡುವುದಿಲ್ಲ, ಗಾಳಿ ಎಷ್ಟೇ ಚೆನ್ನಾಗಿದ್ದರೂ. ಇನ್ನು ಚಳಿಗಾಲವಿಡೀ ಡೌನ್ಸ್‌ನಲ್ಲಿ ಪೊದೆ ಕಡಿಯುವ ಕೆಲಸ. ಮೇಯುವುದು ನಿಂತ ಕಡೆ ಹಾಥಾರ್ನ್ ಮುಳ್ಳು ಬೆಳೆದು ಹುಲ್ಲುಗಾವಲನ್ನು ನುಂಗುತ್ತದೆ. ಚಿಟ್ಟೆಯ ಗಿಡಕ್ಕೆ ಬಿಸಿಲು ಸಿಗುವುದಿಲ್ಲ, ರೆಕ್ಕೆ ಹರಡಲು ನೆಲ ಸಿಗುವುದಿಲ್ಲ. ಮೀಸಲಿನವರು ಕರೆದಾಗ ದಪ್ಪ ಕೈಗವಸು, ಗರಗಸ ಹಿಡಿದು ಹೋಗುವವರಲ್ಲಿ ಹಾರುವವರೂ ಇರುತ್ತಾರೆ. ಹಾರಾಟದ ಸಂಖ್ಯೆಯನ್ನಲ್ಲ, ಆ ಮುಳ್ಳಿನ ಗಾಯಗಳನ್ನು ನೋಡಿ ನಾನು ಒಳ್ಳೆಯ ಕ್ಲಬ್ಬನ್ನು ಗುರುತಿಸುತ್ತೇನೆ.

ನೀವು ಚೀಲದ ಜಿಪ್ ಎಳೆಯುತ್ತಿರುವಾಗ ಹೊಸಬನೊಬ್ಬ ಬೇಲಿಯ ಬಳಿ ಬರುತ್ತಾನೆ. ಬೇರೆ ಊರಿನವನು, ಬೆನ್ನ ಮೇಲೆ ಚೀಲ, ಕಣ್ಣು ಗುಡ್ಡದ ನೆತ್ತಿಯ ಮೇಲೆ. ಸಂಜೆಗೆ ಗಾಳಿ ತಗ್ಗುತ್ತದೆಯೇ ಎಂದು ಕೇಳುತ್ತಾನೆ. ಹಿರಿಯರು ಉತ್ತರ ಕೊಡದೆ ನಿಮ್ಮತ್ತ ನೋಡುತ್ತಾರೆ.

"ಆರರ ಮೇಲೆ ತಗ್ಗಬಹುದು" ಎನ್ನುತ್ತೀರಿ ನೀವು. "ಅದಕ್ಕೆ ಮುಂಚೆ ಇಳಿಯುವ ಹೊಲ ನೋಡಿಬಿಡಿ. ಆ ಬಾರ್ಲಿ ಬೇಡ, ಕರುಗಳಿರೋ ಹೊಲವೂ ಬೇಡ. ನಾವೀಗ ನಿಂತಿದ್ದೀವಲ್ಲ, ಇದೇ."

ಅವನು ಚೀಲ ಇಳಿಸಿ, ಹೊಲದ ನಾಲ್ಕು ಮೂಲೆಗಳನ್ನೂ ನಡೆದು ನೋಡಲು ಹೊರಡುತ್ತಾನೆ.