ಹನ್ನೆರಡರ ಆಚೆ

"ಈ ಸಂಚಿಕೆಗೆ ನೀನೂ ಏನಾದರೂ ಕೊಡಲೇಬೇಕು" ಎಂದು ನಮ್ಮ ಸಂಘದ ಕಾರ್ಯದರ್ಶಿ ಕ್ಯಾಂಟೀನಿನಲ್ಲಿ ಎರಡು ಸಲ ಹಿಡಿದು ನಿಲ್ಲಿಸಿದ. ನಾನು ಕಥೆಗಾರನಲ್ಲ, ಕವಿಯಂತೂ ಮೊದಲೇ ಅಲ್ಲ. ಡೆಬಿಟ್ಟು ಕ್ರೆಡಿಟ್ಟು ಬರೆಯುವ ಕಾಮರ್ಸಿನವನು. ಆದ್ದರಿಂದ ಒಂದು ತಪ್ಪು ಲೆಕ್ಕದ ವಿಷಯವನ್ನೇ ಬರೆಯುತ್ತೇನೆ. ಆ ಲೆಕ್ಕ ಬರೆದವನು ನಾನೇ.

ಕಳೆದ ವರ್ಷ ದೀಪಾವಳಿ ರಜೆಗೆ ಮುಂಚೆ ನಮ್ಮ ಎನ್.ಎಸ್.ಎಸ್. ತಂಡ ಕಟ್ಟಡ ಕೆಲಸದವರ ಒಂದು ವಸ್ತಿಯಲ್ಲಿ ಆರೋಗ್ಯದ ಸರ್ವೆ ಮಾಡಿತು. ಅಲ್ಲಿ ಅರ್ಧಕ್ಕರ್ಧ ಜನ ಕಲಬುರಗಿ, ಯಾದಗಿರಿ ಕಡೆಯವರು. "ನಿನಗೆ ಕನ್ನಡ ಬರುತ್ತದಲ್ಲ, ಆ ಒಂದು ಸಾಲು ನೀನೇ ನೋಡಿಕೋ" ಎಂದರು ನಮ್ಮ ಸರ್. ಬರುತ್ತದಲ್ಲ ಎಂದರೆ! ಹತ್ತನೇ ತರಗತಿಯ ತನಕ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಯಲ್ಲೇ ಓದಿದವನು ನಾನು. ನಮ್ಮ ಖೋಲಿ ಇರುವುದೂ ಆ ವಸ್ತಿಯಿಂದ ನಾಲ್ಕು ಗಲ್ಲಿ ಆಚೆ. ಅಪ್ಪ ಗೌಂಡಿ, ಅವ್ವ ಬುಟ್ಟಿ ಹೊರುತ್ತಾಳೆ; ಬೆಳಿಗ್ಗೆ ನಾಕಾದಲ್ಲಿ ನಿಲ್ಲುವುದು ಆ ವಸ್ತಿಯ ಹೆಂಗಸರ ಜೊತೆಗೇ. ಇದನ್ನು ಸರ್‌ಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಬೇಡಿ, ಓದುವವರಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಫಾರ್ಮು ಇಂಗ್ಲಿಷಿನಲ್ಲಿತ್ತು. ನಾನು ನಿಂತಲ್ಲೇ ಕನ್ನಡ ಮಾಡುತ್ತಿದ್ದೆ, ಅದೂ ಪಠ್ಯಪುಸ್ತಕದ ಕನ್ನಡ. "ಕಳೆದ 5 ವರ್ಷಗಳಲ್ಲಿ ತಮ್ಮ ಕುಟುಂಬದಲ್ಲಿ ಶಿಶುಮರಣ ಸಂಭವಿಸಿದೆಯೇ?" ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೈ ನಿಲ್ಲಿಸದೆ "ಇಲ್ರಿ" ಎಂದಳು. ಪಕ್ಕದ ಮನೆಯಲ್ಲೂ ಇಲ್ರಿ. ಹೀಗೆ 22 ಮನೆ, 22 ಸೊನ್ನೆ. ಎರಡೂ ಕಡೆ ತಾಳೆಯಾದ ಟ್ರಯಲ್ ಬ್ಯಾಲೆನ್ಸಿನ ಹಾಗೆ ಹಾಳೆ ಚೊಕ್ಕವಾಗಿ ಕಾಣುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಪಲ್ಯ ಬಡಿಸುತ್ತಿದ್ದ ಅವ್ವ ಕೈ ತಡೆದಳು.

"ಒಂದೂ ಇಲ್ಲಂದ್ರೇನು? ಯಾರಂದ್ರು?"

"ಅವ್ರೇ ಅಂದ್ರು."

"ಆ ನಳದ ಬಾಜೂಕ ಇರಾಕಿದು ಹೋದ ವರ್ಷ ಹೋತು, ಒಂಬತ್ತು ದಿನದ ಕೂಸು. ಮೂಲಿಮನಿಯಾಕಿದು ಊರಾಗ ಹೋತು. ನಾಕಾದಾಗ ನಿಂತವ್ರಿಗೆಲ್ಲ ಗೊತ್ತದ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀ ಯಾರಂತ ಹೇಳ್ಬೇಕೋ ತಮ್ಮಾ? ಕೈಯಾಗ ಕಾಗದ ಹಿಡ್ಕೊಂಡು ಬಾಗಿಲದಾಗ ನಿಂತು ಕೂಸು ಸತ್ತದೇನು ಅಂತ ಕೇಳಿದ್ರ! ಒಳಗ ಅತ್ತಿ ಕುಂತಿರ್ತಾಳ. ನನಗ ಬಂದು ಕೇಳಿದ್ರೂ ನಾ ಇಲ್ಲಂತಿದ್ದೆ."

"ನಿನಗೇನದ ಮುಚ್ಚಿಡೂದು?" ಎಂದು ನಕ್ಕೆ. ಅವ್ವ ಮಾತಾಡಲಿಲ್ಲ. ಅಪ್ಪ ಅರ್ಧ ಊಟಕ್ಕೇ ಎದ್ದು ಹೊರಗೆ ಕೈ ತೊಳೆಯಲು ಹೋದ.

ಆಮೇಲೆ ಗೊತ್ತಾಯಿತು. ನನಗೂ ನನ್ನ ತಂಗಿಗೂ ನಡುವೆ ಇನ್ನೊಂದು ಕೂಸು ಇತ್ತಂತೆ, ಹೆಣ್ಣು. 2008 ರಲ್ಲಿ, ನನಗಾಗ ಮೂರು ವರ್ಷ. ನಮ್ಮ ಅಜ್ಜಿ ಊರಿನ ಸೂಲಗಿತ್ತಿ. ಅವಳ ಕೈಯಲ್ಲೇ ಹುಟ್ಟಿತು. ಆರನೆಯ ದಿನ ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಉಸಿರಾಡುವಾಗ ಎದೆ ಒಳಕ್ಕೆ ಸೆಳೆಯತೊಡಗಿತು. ದವಾಖಾನೆ ದೂರ, ಹಸಿ ಬಾಣಂತಿ ಹೊಸಿಲು ದಾಟುವಂತಿಲ್ಲ. ಬೆಳಗಾಗುವುದರೊಳಗೆ ಮುಗಿದಿತ್ತು. ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲವಾದ್ದರಿಂದ ಹೆಸರಿಲ್ಲ. ಯಾವ ಸರಕಾರಿ ಪುಸ್ತಕದಲ್ಲೂ ಅದರ ಹುಟ್ಟೂ ಇಲ್ಲ, ಸಾವೂ ಇಲ್ಲ. ನಮ್ಮ ಅಕೌಂಟೆನ್ಸಿಯಲ್ಲಿ ಇಂಥ ತಪ್ಪಿಗೆ ಒಂದು ಗುಣವಿದೆ: ಎರಡೂ ಕಡೆ ಬರೆಯದೆ ಬಿಟ್ಟ ವ್ಯವಹಾರ ಟ್ರಯಲ್ ಬ್ಯಾಲೆನ್ಸಿನಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ.

ಸರ್ ಹತ್ತಿರ ಹೋಗಿ ನನ್ನ ಸೊನ್ನೆಗಳೆಲ್ಲ ಸುಳ್ಳು ಎಂದೆ. ವರದಿ ಆಗಲೇ ಟೈಪಾಗಿ ಹೋಗಿತ್ತು. ಅವರು ಬೈಯಲಿಲ್ಲ, "ಗಡಚಿರೋಲಿಯಲ್ಲಿ ಏನು ಮಾಡಿದರೆಂದು ಓದು" ಎಂದು ಮರಾಠಿಯ ಒಂದಷ್ಟು ಬರಹಗಳನ್ನು ಕೊಟ್ಟರು. ನನ್ನ ಮರಾಠಿ ನಾಕಾದ ಮರಾಠಿ, ತಡವರಿಸುತ್ತಲೇ ಓದಿದೆ.

ಗಡಚಿರೋಲಿ ಇರುವುದು ಮಹಾರಾಷ್ಟ್ರದ ಪೂರ್ವದ ತುದಿಯ ಕಾಡಿನಲ್ಲಿ. ಅಭಯ ಬಂಗ್, ರಾಣಿ ಬಂಗ್ ಎಂಬ ಡಾಕ್ಟರ ದಂಪತಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1980 ರ ದಶಕದ ನಡುವೆ ಅಲ್ಲಿ 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು. ನೀವು ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎಂದು ಅಲ್ಲಿಯ ಆದಿವಾಸಿಗಳನ್ನೇ ಕೇಳಿದರಂತೆ. ನಾವು ಬಿಳಿ ಬಟ್ಟೆ ಹೊದಿಸುವುದು ಹೆಣಕ್ಕೆ. ಬಿಳಿ ತೊಟ್ಟವರು ಜೀವ ಉಳಿಸುವುದೆಂತು? ಅಲ್ಲಿ ದೇವರಿಲ್ಲ, ರೋಗಿಯ ಜತೆ ಮನೆಯವರು ಇರುವಂತಿಲ್ಲ. ಇವು ಉತ್ತರಗಳು. ಯಾವ ಫಾರ್ಮಿನಲ್ಲಿ ಇವಕ್ಕೆ ಜಾಗ ಇರುತ್ತದೆ ಹೇಳಿ! ಅವರ ಆಸ್ಪತ್ರೆ ಗುಡಿಸಲುಗಳ ಊರಿನಂತೆ ಎದ್ದಿತು, ದಂತೇಶ್ವರಿ ದೇವಿಯ ಹೆಸರಿನಲ್ಲಿ.

ರಾಣಿ ಬಂಗ್ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 92 ಮಂದಿಗೆ ಸ್ತ್ರೀರೋಗಗಳಿದ್ದವು. ಅದಕ್ಕೆ ಮುಂಚೆ ಅಂಥ ಪರೀಕ್ಷೆ ಆಗಿದ್ದದ್ದು ನೂರಕ್ಕೆ ಎಂಟು ಮಂದಿಗೆ. 1989 ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅಷ್ಟು ಮಂದಿಯೂ ನನ್ನಂಥವನು ಬಾಗಿಲಲ್ಲಿ ನಿಂತು ಕೇಳಿದ್ದರೆ "ಇಲ್ರಿ" ಅನ್ನುತ್ತಿದ್ದವರೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಣಿಗಳ ಸಂಗತಿ. ಮಕ್ಕಳಿಗೆ ನ್ಯುಮೋನಿಯಾ ಆದರೆ ಉಸಿರು ಜೋರಾಗುತ್ತದೆ. ಎರಡು ತಿಂಗಳೊಳಗಿನ ಕೂಸಾದರೆ ನಿಮಿಷಕ್ಕೆ 60 ರ ಗಡಿ. ಆದರೆ ಸೂಲಗಿತ್ತಿಯರಿಗೆ ಹನ್ನೆರಡರ ಆಚೆ ಎಣಿಕೆ ಬಾರದು. ಬಾರದಿದ್ದರೆ ಬಿಡಿ ಎಂದು ಅವರನ್ನು ಕೈಬಿಡಲಿಲ್ಲ. ಒಂದು ಹಲಗೆ, ಅದರಲ್ಲಿ ನಿಮಿಷಕ್ಕೆ ಸೋರಿ ಮುಗಿಯುವ ಮರಳಿನ ಗಡಿಯಾರ, ಪಕ್ಕದಲ್ಲಿ ಬಿಳಿಯ ಮಣಿಗಳು, ಕೊನೆಯದು ಕೆಂಪು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮುಂಚೆ ಕೆಂಪು ಮಣಿ ಬಂತೆಂದರೆ ರೋಗ ಇದೆ, ಔಷಧ ಕೊಡಬೇಕು. ನಮ್ಮ ಅಜ್ಜಿಯೂ ಎಣಿಸುವುದು ಇಪ್ಪತ್ತರ ಲೆಕ್ಕದಲ್ಲಿ: ಒಂದಿಪ್ಪತ್ತು, ಎರಡಿಪ್ಪತ್ತು, ಮೂರಿಪ್ಪತ್ತು. ಅಂದರೆ 60 ಅವಳಿಗೆ ಬರುತ್ತಿತ್ತು! ಆ ರಾತ್ರಿ ಎದೆ ಸೆಳೆಯುವುದನ್ನೂ ಅವಳು ಕಂಡಿದ್ದಳು. ಕೈಯಲ್ಲಿ ಔಷಧ ಇರಲಿಲ್ಲ.

ನವಜಾತ ಶಿಶುಗಳಿಗಾಗಿ ಅವರು 39 ಹಳ್ಳಿಗಳಲ್ಲಿ ಆಯಾ ಊರಿನ ಹೆಣ್ಣುಮಕ್ಕಳನ್ನೇ ತರಬೇತಿ ಕೊಟ್ಟು 'ಆರೋಗ್ಯದೂತ'ರನ್ನಾಗಿ ಮಾಡಿದರು. ಹೆಚ್ಚು ಓದಿದವರಲ್ಲ. ಬಾಣಂತಿಯ ಮನೆಗೆ ಹೋಗಿ ಕೂಸನ್ನು ತೂಗುವುದು, ಬೆಚ್ಚಗಿಡುವುದು, ನಂಜು ಕಂಡರೆ ಮನೆಯವರ ಒಪ್ಪಿಗೆ ಪಡೆದು ಇಂಜೆಕ್ಷನ್ ಕೊಡುವುದು, ಎಲ್ಲವನ್ನೂ ತಾವೇ ಬರೆದಿಡುವುದು. 1993-95 ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 62 ತಿಂಗಳೊಳಗೆ ಸಾಯುತ್ತಿದ್ದವು. 1997-98 ಕ್ಕೆ ಅದು 25.5 ಕ್ಕೆ ಇಳಿಯಿತು. ಇದು ಅಚ್ಚಾದದ್ದು 1999 ರಲ್ಲಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಕೂಸನ್ನು ನೋಡುವ ಯೋಜನೆಯನ್ನು ಕೇಂದ್ರ ಸರಕಾರ ದೇಶಕ್ಕೆಲ್ಲ ತಂದದ್ದು 2011 ರಲ್ಲಿ. ನಡುವೆ 2008 ಇದೆ. ಇರಲಿ.

ಮುಂದಿನ ಭಾನುವಾರ ಫಾರ್ಮು ಇಲ್ಲದೆ ಅವ್ವನ ಜತೆ ಆ ವಸ್ತಿಗೆ ಹೋದೆ. ನಳದ ಹತ್ತಿರ ಹೆಂಗಸರು ಕೂತಿದ್ದರು. ಅವ್ವ ಏನನ್ನೂ ಕೇಳಲಿಲ್ಲ, ಕೂತು ಅವರೊಂದಿಗೆ ಅವರೆಕಾಯಿ ಸುಲಿಯತೊಡಗಿದಳು. ಮಾತು ತಾನಾಗಿ ಬಂತು, ನಾನು ಬರೆದುಕೊಂಡು ಹೋಗಿದ್ದ ಕಡೆಗಲ್ಲ. ದವಾಖಾನೆ ತೆರೆಯುವ ಹೊತ್ತೂ ನಾಕಾದಲ್ಲಿ ಕೂಲಿ ಹಿಡಿಯುವ ಹೊತ್ತೂ ಒಂದೇ; ಕೂಸಿಗೆ ಜ್ವರ ಬಂದರೆ ಒಂದು ಹಾಜರಿ ಹೋಯಿತು. ಹೆರಿಗೆ ಊರಲ್ಲಿ, ಕಾರ್ಡೂ ಊರಲ್ಲಿ. ಇಲ್ಲಿಗೆ ಬಂದರೆ "ಕಾರ್ಡ್ ಎಲ್ಲಿ" ಎನ್ನುತ್ತಾರೆ. ಕೂಸು ಹೋದರೆ ಊರಿನವರು ಮುಂಬಯಿಯದು ಅನ್ನುತ್ತಾರೆ, ಮುಂಬಯಿಯವರು ಊರಿನದು ಅನ್ನುತ್ತಾರೆ.

"ಎಷ್ಟ್ ಹಾಜರಿ ಹೋತು ಅಂತ ಬರೀರಿ ಮೊದ್ಲ" ಎಂದಳು ಒಬ್ಬಾಕೆ. ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ನಾನು ಪೆನ್ನು ತೆಗೆದೆ. ಅವರು ಏಳನೇ ತರಗತಿ ಓದಿದ ಒಬ್ಬ ಸೊಸೆಯ ಕೈಗೆ ನೋಟುಪುಸ್ತಕ ಕೊಟ್ಟರು. ನಾಲ್ಕು ಭಾನುವಾರ ಹಿಡಿಯಿತು. ಅದೇ 22 ಮನೆಗಳಲ್ಲಿ 5 ವರ್ಷದಲ್ಲಿ ನಾಲ್ಕು ಕೂಸುಗಳು, ನಾಲ್ಕೂ ತಿಂಗಳೊಳಗಿನವು. ಹೋದ ಹಾಜರಿಗಳ ಪಟ್ಟಿ ಇನ್ನೂ ಬೆಳೆಯುತ್ತಿದೆ. ಅದನ್ನು ತೋರಿಸಿ ವಾರಕ್ಕೆ ಒಂದು ದಿನವಾದರೂ ದವಾಖಾನೆ ಸಂಜೆ ತೆರೆಯಬೇಕೆಂದು ಕೇಳುವುದಾಗಿದೆ. ಅರ್ಜಿ ನಾನು ಬರೆದೆ, ಅವರು ಎರಡು ಸಲ ತಿದ್ದಿಸಿದರು.

ಕೊನೆಯ ಭಾನುವಾರ ಆ ಸೊಸೆ ಅವ್ವನ ಕಡೆ ತಿರುಗಿ "ನಿಮ್ದೇನ್ರಿ ಅಕ್ಕಾ?" ಎಂದಳು.

"ನಂದು ಈ ಸಾಲಿಂದಲ್ಲ. ಐದು ವರ್ಷದ್ದೂ ಅಲ್ಲ."

"ಇರ್ಲಿ ಬಿಡ್ರಿ, ಹೇಳ್ರಿ."

"ಆರು ದಿನ. ಹೆಣ್ಣು" ಎಂದಳು ಅವ್ವ. ಅವಳು ಕೊನೆಯ ಪುಟದಲ್ಲಿ ಬರೆದುಕೊಂಡಳು.

ಈ ಲೇಖನಕ್ಕೆ ಬೇಕಾಗಿ ಆ ಪುಸ್ತಕವನ್ನು ಎರಡು ದಿನಕ್ಕೆ ಕೇಳಿದೆ. ಕೊಡಲಿಲ್ಲ. "ಬೇಕಂದ್ರ ಇಲ್ಲೇ ಕುಂತು ನೋಡ್ಕೋ" ಎಂದರು. ನಳದ ಹತ್ತಿರ ಕೂತು ನೋಡಿಕೊಂಡು ಬಂದೆ.