ಅರ್ಧ ಓಡಿದ ಫೈಲ್ (ಭಾಗ 6)

ಅಪ್ಪನ ಅಂಗಡಿ ಉದ್ರಿ ಲೆಕ್ಕ ಪೈಥಾನ್‌ನಿಂದ ಎಸ್‌ಕ್ಯೂಲೈಟ್‌ಗೆ ಹಾಕ್ತಿದ್ದೆ. ಒಂದೇ ಫೈಲ್‌ನಲ್ಲಿ 40 ಅಪ್‌ಡೇಟ್ ಸ್ಟೇಟ್‌ಮೆಂಟ್. ‘ಎಕ್ಸಿಕ್ಯೂಟ್’ ಒಂದ್ಸಲಕ್ಕೆ ಒಂದನ್ನೇ ತಗೊಳ್ಳೋದು, ಅದಕ್ಕೇ ‘ಎಕ್ಸಿಕ್ಯೂಟ್‌ಸ್ಕ್ರಿಪ್ಟ್’ ಬಳಸಿದೆ. 23ನೇದರಲ್ಲಿ ಟೇಬಲ್ ಹೆಸರು ತಪ್ಪಿತ್ತು, ಅಲ್ಲೇ ನಿಂತಿತು. ತಿದ್ದಿ ಮತ್ತೆ ಓಡಿಸಿದೆ.

ಮೊದಲ 22 ಆಗ್ಲೇ ಸೇವ್ ಆಗಿತ್ತು ಕಣ್ರೋ!

ಮರುದಿನ ಪಕ್ಕದ ಬೀದಿ ಅಜ್ಜಿ ಬಂದು, “ನಾನು ತಗೊಂಡಿದ್ದು 300, ಇದೇನಪ್ಪ 600?” ಅಂದ್ರು. ಅಪ್ಪ ಏನೂ ಬೈಲಿಲ್ಲ. ಸುಮ್ನೆ ಹಳೇ ಪುಸ್ತಕ ತೆಗೆದ್ರು. ಅದೇ ಜಾಸ್ತಿ ಚುಚ್ಚಿತು.

ಈಗ ಫೈಲ್ ಶುರುವಲ್ಲಿ ‘ಬಿಗಿನ್’, ಕೊನೆಗೆ ‘ಕಮಿಟ್’ ಬರೀತೀನಿ. ಮಧ್ಯೆ ಎರರ್ ಬಂದ್ರೆ ‘ರೋಲ್‌ಬ್ಯಾಕ್’. ಡೆಬಿಟ್ ಬರೆದು ಕ್ರೆಡಿಟ್ ಬಿಟ್ರೆ ಟ್ಯಾಲಿ ಆಗುತ್ತಾ? ಇಲ್ಲೂ ಅಷ್ಟೇ. ಪೂರ್ತಿ ಆಗ್ಬೇಕು, ಇಲ್ಲಾ ಏನೂ ಆಗ್ಬಾರ್ದು. ನೀವೂ ಓಡಿಸೋ ಮುಂಚೆ ಒಂದು ಕಾಪಿ ಇಟ್ಕೊಳ್ಳಿ.